ಕುದುರೆ ಮಸಾಲೆಯ ಎಲೆಚುಕ್ಕೆ ರೋಗ: ಹೂವಿಗೆ ಕಾದು ಕೆಡಿಸಿದ ಕಟಾವು

ಹೈನುಗಾರರಿಗೆ ಮೇವಿನ ಬೆಳೆಗಳ ಬಗ್ಗೆ ಸಲಹೆ ನೀಡುವುದು ನನ್ನ ಕೆಲಸ. ಇಬ್ಬನಿ ದಟ್ಟವಾಗಿ ಬೀಳುತ್ತಿದ್ದ ಒಂದು ಚಳಿಗಾಲದಲ್ಲಿ, ಬೆಳಗಾವಿ ಜಿಲ್ಲೆಯ ರೈತರೊಬ್ಬರ ಅರ್ಧ ಎಕರೆ ಕುದುರೆ ಮಸಾಲೆಯ (ಲೂಸರ್ನ್ ಎಂಬ, ಕೊಯ್ದ ಮೇಲೆ ಮತ್ತೆ ಚಿಗುರುವ ಮೇವಿನ ಬೆಳೆ) ಒಂದು ಕಟಾವು ನನ್ನ ಸಲಹೆಯಿಂದಲೇ ಕೆಟ್ಟಿತು.

ಬುಡದ ಎಲೆಗಳ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳಿದ್ದವು. ಉಜ್ಜಿದರೆ ಬೆರಳಿಗೆ ಪುಡಿ ಅಂಟಲಿಲ್ಲವಾದ್ದರಿಂದ ಅದು ತುಕ್ಕು ರೋಗವಲ್ಲವೆಂದು ತಿಳಿಯಿತು. ಭೂತಗನ್ನಡಿ ಹಿಡಿದು ನೋಡಿದಾಗ ಚುಕ್ಕೆಯ ಅಂಚು ಗರಗಸದ ಹಲ್ಲಿನಂತೆಯೂ, ನಟ್ಟನಡುವೆ ತಿಳಿಗಂದು ಬಣ್ಣದ ಪುಟ್ಟ ಬಟ್ಟಲೊಂದು ಉಬ್ಬಿದಂತೆಯೂ ಕಂಡಿತು. ಸ್ಯೂಡೋಪೆಝೈಝಾ ಮೆಡಿಕಾಜಿನಿಸ್ ಎಂಬ ಶಿಲೀಂಧ್ರದ ಗುರುತೇ ಈ ಬಟ್ಟಲು. ತಂಪು, ತೇವದ ಹವೆಯಲ್ಲಿ ಅದರಿಂದ ಬೀಜಕಣಗಳು ಚಿಮ್ಮಿ ಗಾಳಿಯಲ್ಲಿ ಹರಡುತ್ತವೆ.

ರೋಗವನ್ನು ಸರಿಯಾಗಿಯೇ ಗುರುತಿಸಿದ್ದೆ. ಆದರೆ "ಸಾಹೇಬ್ರ, ಈಗ ಕೊಯ್ದು ಬಿಡಲೇನ್ರಿ?" ಎಂದು ಅವರು ಕೇಳಿದಾಗ, ಶೇ. 10ರಷ್ಟು ಹೂ ಬಂದ ಮೇಲೆ ಕೊಯ್ಯಬೇಕೆಂಬ ರೂಢಿಯ ನಿಯಮವನ್ನೇ ಹೇಳಿ ಕಾಯಿಸಿದೆ. ಹತ್ತು ದಿನಗಳೊಳಗೆ ಎಲೆಗಳು ಬುಡದಿಂದ ಮೇಲಕ್ಕೆ ಹಳದಿಯಾಗುತ್ತಾ ಉದುರಿದವು. ಈ ರೋಗ ಸಾಮಾನ್ಯವಾಗಿ ಗಿಡವನ್ನು ಸಾಯಿಸುವುದಿಲ್ಲವಾದ್ದರಿಂದ ದೂರದಿಂದ ನೋಡಿದರೆ ಹೊಲ ಹಸಿರಾಗಿಯೇ ಇತ್ತು. ಆದರೆ ಈ ಮೇವಿನ ಸಸಾರಜನಕದ ಹೆಚ್ಚಿನ ಪಾಲು ಇರುವುದು ಎಲೆಯಲ್ಲಿ, ಅವರ ಹಸುಗಳ ಗೋದಲಿಗೆ ಬಂದದ್ದು ಹೆಚ್ಚಾಗಿ ದಂಟು. ಇದಲ್ಲದೆ, ಹೆಣ್ಣು ಹಾರ್ಮೋನಿನಂತೆ ವರ್ತಿಸುವ ಕೌಮೆಸ್ಟ್ರಾಲ್ ಎಂಬ ವಸ್ತು ರೋಗ ತಗುಲಿದ ಎಲೆಗಳಲ್ಲಿ ಹೆಚ್ಚುತ್ತದೆ. ಅಂತಹ ಮೇವನ್ನೇ ಹೆಚ್ಚಾಗಿ ತಿನ್ನುವ ರಾಸುಗಳು ಗಬ್ಬ ಕಟ್ಟುವುದಕ್ಕೆ ಅಡ್ಡಿಯಾಗಬಹುದೆಂಬ ಕಾರಣಕ್ಕೆ ನಾನು ಇದನ್ನು ಲಘುವಾಗಿ ಕಾಣುವುದಿಲ್ಲ.

ಅಂಗಡಿಯಿಂದ ಅವರು ತಂದಿಟ್ಟಿದ್ದ ಶಿಲೀಂಧ್ರನಾಶಕವನ್ನು ಸಿಂಪಡಿಸಲು ನಾನು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಹಸುವಿನ ಹೊಟ್ಟೆ ಸೇರುವ ಬೆಳೆಗೆ ಔಷಧ ಹೊಡೆಯುವುದು ಈಗಲೂ ನನಗೆ ಸರಿಯೆನಿಸುವುದಿಲ್ಲ.

ಮುಂದಿನ ಚಿಗುರಿನಲ್ಲಿ ಚುಕ್ಕೆಗಳು ಮತ್ತೆ ಕಾಣಿಸಿದಾಗ ಹೂವಿಗೆ ಕಾಯಲಿಲ್ಲ. ಇಬ್ಬನಿ ಆರಿದ ಮೇಲೆ ಇಡೀ ಹೊಲವನ್ನು ಒಮ್ಮೆಗೇ ಕೊಯ್ಯಿಸಿ, ಉದುರಿದ ಎಲೆಯಲ್ಲೇ ಶಿಲೀಂಧ್ರ ಉಳಿದುಕೊಳ್ಳುವುದರಿಂದ ಕೊಯ್ದ ಮೇವನ್ನು ಅಲ್ಲಿ ಬಿಡದೆ ಹೊರಗೆ ಸಾಗಿಸಿದೆವು. ಪ್ರತಿ ಬಾರಿಯೂ ಎಳೆಯದರಲ್ಲೇ ಕೊಯ್ದರೆ ಬೇರು ಸೊರಗುತ್ತದೆಯಾದ್ದರಿಂದ, ಅದರ ನಂತರದ ಕಟಾವನ್ನು ಹೂ ಬರುವವರೆಗೆ ಬಿಟ್ಟೆವು. ಈಗ ನಾನು ಹೊಲಕ್ಕೆ ಹೋದೊಡನೆ ಮೊದಲು ಕುಳಿತು, ಬುಡದ ಎಲೆಗಳನ್ನು ಸರಿಸಿ ನೋಡುತ್ತೇನೆ. ಹೂವಿನ ಲೆಕ್ಕ ಆಮೇಲೆ.