ಮುಸ್ಲಿಮರ ಮನೆಯೇ ಇಲ್ಲದ ಊರಿನಲ್ಲಿ ಮೊಹರಂ ಏಕೆ?

ರಾಯಚೂರು, ಕೊಪ್ಪಳ, ಬಳ್ಳಾರಿ, ಗದಗ ಭಾಗದ ಅನೇಕ ಹಳ್ಳಿಗಳಲ್ಲಿ ಮೊಹರಂ ಊರಹಬ್ಬ. ಅವುಗಳಲ್ಲಿ ಕೆಲವು ಊರುಗಳಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲ. ಇದನ್ನು ಹೇಳಿದಾಗಲೆಲ್ಲ ಕೇಳುವವರು ತಪ್ಪದೆ ಕೇಳುತ್ತಾರೆ: ಬೇರೆ ದೇವರನ್ನು ಪೂಜಿಸುವವರು ಈ ಹಬ್ಬವನ್ನು ಏಕೆ ಮಾಡುತ್ತಾರೆ? ಸೌಹಾರ್ದಕ್ಕಾಗಿ ಎಂದರೆ ಅವರಿಗೆ ಸಮಾಧಾನವಾದೀತು. ಆದರೆ ನಾನು ಕಂಡಂತೆ ಹರಕೆ ಮತ್ತು ಹೊಣೆ ಇವೆರಡೇ ಕಾರಣ.

ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದ ಕಾಳಗದಲ್ಲಿ ಮಡಿದ, ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರ ಸ್ಮರಣೆಯಾದ ಮೊಹರಂ ಈ ಸೀಮೆಯಲ್ಲಿ ಬೇರೂರಲು, ಬಿಜಾಪುರದ ಆದಿಲ್ ಶಾಹಿ ಸುಲ್ತಾನರಲ್ಲಿ ಹಲವರು ಹುಸೇನರ ಶೋಕವನ್ನು ಮುಖ್ಯವಾಗಿ ಆಚರಿಸುವ ಷಿಯಾ ಪಂಥದವರಾಗಿದ್ದುದು ನೆರವಾಗಿರಬೇಕು. ಆ ರಾಜ್ಯ 1686ರಲ್ಲೇ ಮುಗಿಯಿತು. ಹಬ್ಬವನ್ನು ಉಳಿಸಿಕೊಂಡವರು ಊರವರು. ಮಸೂತಿಯ ಮುಂದೆ ಅಲಾಯಿ ಕುಣಿ, ಅಂದರೆ ಹಬ್ಬದ ಬೆಂಕಿ ಹಾಕುವ ಗುಂಡಿ, ತೆಗೆಯುವವರು ಒಂದು ಮನೆತನದವರಾದರೆ ಕಟ್ಟಿಗೆ ಹೊಂದಿಸುವವರು ಮತ್ತೊಂದು ಮನೆತನದವರು. ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವ ಮೇಳದಲ್ಲಿ ಲಿಂಗಾಯತರೂ ಕುರುಬರೂ ವಾಲ್ಮೀಕಿಗಳೂ ಇರುತ್ತಾರೆ. ಮುಸ್ಲಿಮರಿಲ್ಲದ ಊರಿಗೆ ಪಕ್ಕದ ಊರಿನ ಮುಲ್ಲಾ ಬಂದು ಸಕ್ಕರೆಯ ಮೇಲೆ ಪ್ರಾರ್ಥನೆ ಓದಿ ಹೋಗುತ್ತಾರೆ. ಮಗುವಿಗಾಗಿ ಹರಕೆ ಹೊತ್ತ ಮನೆಗಳಲ್ಲಿ ಹುಸೇನಪ್ಪ, ಫಕೀರಪ್ಪ ಎಂಬ ಹೆಸರಿನವರು ಬೆಳೆದು, ವಿಭೂತಿ ಹಚ್ಚಿಕೊಂಡೇ ಹಬ್ಬದಲ್ಲಿ ಕೂರಿಸುವ ಹಸ್ತದಾಕಾರದ ಲಾಂಛನವಾದ ಪಂಜಾದ ಮುಂದೆ ನಿಲ್ಲುತ್ತಾರೆ. ಯಾರೂ ತಮ್ಮ ಧರ್ಮವನ್ನು ಬಿಡಬೇಕಾಗಿ ಬಂದಿಲ್ಲ.

ಒಂದೇ ನಂಬಿಕೆಯುಳ್ಳವರಲ್ಲಿ ಮಾತ್ರ ಧರ್ಮ ನಂಟು ಬೆಳೆಸುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದು ಇದರಿಂದಲೇ. ಕಟ್ಟಿಗೆ ತರಬೇಕಾದ ಮನೆಯವನು ಬಾರದಿದ್ದರೆ ಕುಣಿಗೆ ಬೆಂಕಿ ಬೀಳುವುದಿಲ್ಲ. ಆದ್ದರಿಂದ ಅವನೊಡನೆ ಮುನಿಸಿಕೊಂಡವರೂ ಅವನ ಮನೆಗೆ ಹೋಗಿ ಮಾತನಾಡಿಸಲೇಬೇಕು. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದ ಹುಡುಗರು ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿಯಾದ ಖತಲ್ ರಾತ್ರಿಗೆ ಊರು ಸೇರುವುದಕ್ಕೂ ತಮ್ಮ ಪಾಲಿನ ಕೆಲಸ ಕಾದಿರುತ್ತದೆ ಎಂಬ ಅರಿವೇ ಕಾರಣ.

ಇತ್ತೀಚೆಗೆ ಎರಡೂ ಕಡೆಯ ಶುದ್ಧಿವಾದಿಗಳು, ಇದು ನಿಮ್ಮ ಧರ್ಮಕ್ಕೆ ಸಲ್ಲದು ಎಂದು ತಂತಮ್ಮವರಿಗೆ ಬೋಧಿಸುತ್ತಿದ್ದಾರೆ. ಅದು ನನಗೆ ನಿಜವಾದ ನೋವು, ಏಕೆಂದರೆ ಹೊಣೆಯನ್ನು ಒಮ್ಮೆ ಕೈಬಿಟ್ಟ ಮನೆತನ ಅದನ್ನು ಮರಳಿ ಹಿಡಿಯುವುದು ಬಹಳ ಕಷ್ಟ. ಹಾಗೆಂದು ಇದನ್ನು ಸಮಾನರ ಹಬ್ಬ ಎಂದು ಹೊಗಳಲೂ ಆಗದು. ಈ ಹೊಣೆಗಳು ಹಂಚಿಕೆಯಾದದ್ದು ಜಾತಿಯ ಅಳತೆಯಲ್ಲಿ; ಹಲಗೆ ಬಾರಿಸುವ ಕೆಲಸ ಇಂದಿಗೂ ಬಹುತೇಕ ದಲಿತರ ಪಾಲಿಗೇ ಉಳಿದಿದೆ. ಮೇಳದ ಹೆಜ್ಜೆಯನ್ನು ಎಲ್ಲ ಜಾತಿಯ ಹುಡುಗರು ಕಲಿಯಬಹುದಾದರೆ ಹಲಗೆಯನ್ನೂ ಕಲಿಯಬಹುದು, ಪಂಜಾ ಹಿಡಿಯುವ ಹಕ್ಕು ಹಲಗೆಯವರ ಮನೆಗೂ ಸಿಗಬಹುದು. ಊರ ಹಿರಿಯರು ಈ ಮಾತನ್ನು ಹಬ್ಬಕ್ಕೆ ಮುಂಚಿನ ಸಭೆಯಲ್ಲೇ ಎತ್ತಬೇಕು.