ಬಾಗಿಲ ಸಂದಿಯ ರಬ್ಬರ್ ಬಿಚ್ಚಿದ ಭಾನುವಾರ

ಅಪ್ಪ ಕಾರಿನೊಳಗೆ ಸಿಕ್ಕಿಕೊಂಡಿದ್ದು ಎರಡೇ ನಿಮಿಷ. 2024ರ ಮೇ ತಿಂಗಳು, ಮಧ್ಯಾಹ್ನ ಹನ್ನೆರಡರ ಬಿಸಿಲು, ಬೆಂಗಳೂರಿನ ಗಾಂಧಿ ಬಜಾರು. ಹೂವು ತಗೊಂಡು, ಅಪ್ಪನ ಕನ್ನಡಕ ರಿಪೇರಿಗೆ ಕೊಡೋಣ ಅಂತ ಗಾಡಿ ಪಕ್ಕಕ್ಕೆ ಹಾಕಿದೆ. ಇಂಜಿನ್ ಆಫ್ ಮಾಡಿ, ನನ್ನ ಬಾಗಿಲಿನ ಲಾಕ್ ಎತ್ತಿ ಇಳಿದೆ. ಸೆಂಟ್ರಲ್ ಲಾಕ್ ಅಲ್ವಾ, ಎಲ್ಲ ಬಾಗಿಲೂ ಒಟ್ಟಿಗೆ ತೆರೆದುಕೊಳ್ಳಬೇಕು. ಸುತ್ತಿ ಬಂದು ಹಿಂದಿನ ಎಡಬಾಗಿಲು ಎಳೆದರೆ ಬರಲಿಲ್ಲ. ಒಳಗಿನಿಂದ ಅಪ್ಪ ಹಿಡಿಕೆ ಎಳೆಯುತ್ತಿದ್ದರು. ಲಾಕಿನ ಸಣ್ಣ ಗುಬಟು ಎತ್ತಲು ನೋಡಿದರು. ಅವರಿಗೆ ಆಗ 76 ವರ್ಷ, ಸಂಧಿವಾತದಿಂದ ಬೆರಳು ಮಡಚುವುದಿಲ್ಲ. ಗುಬಟು ಬೆರಳಿಗೆ ಸಿಗದೆ ಜಾರುತ್ತಿತ್ತು.

"ಪುಟ್ಟಿ, ಬಾಗಿಲೇ ಬರ್ತಿಲ್ಲ ಕಣಮ್ಮ" ಅಂದರು. ಗ್ಲಾಸ್ ಮುಚ್ಚಿದ್ದರಿಂದ ದನಿ ಎಲ್ಲೋ ದೂರದಿಂದ ಬಂದ ಹಾಗೆ ಕೇಳಿಸಿತು.

ಮತ್ತೆ ನನ್ನ ಸೀಟಿಗೆ ಹತ್ತಿದೆ. ಕೀ ಆನ್ ಮಾಡಿ ಅವರ ಕಡೆ ಗ್ಲಾಸ್ ಇಳಿಸಲು ನೋಡಿದೆ, ಅದೂ ಇಳಿಯಲಿಲ್ಲ. ಕೊನೆಗೆ ಎರಡು ಸೀಟಿನ ನಡುವೆ ತೂರಿ, ಕೈ ಚಾಚಿ ಲಾಕ್ ಎತ್ತಿದೆ. ಅಪ್ಪ ಇಳಿದು ಬೆವರು ಒರೆಸಿಕೊಂಡು, "ಹೋಗಲಿ ಬಿಡು, ಹಳೇ ಗಾಡಿ" ಅಂದರು. ನನಗೆ ಹೋಗಲಿ ಅನ್ನಿಸಲಿಲ್ಲ.

ಅದಕ್ಕೆ ಕಾರಣ ಇದೆ. ಅದರ ಹಿಂದಿನ ವರ್ಷ, 2023ರ ಮೇ ತಿಂಗಳಲ್ಲಿ, ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಕಾರು ಸಿಕ್ಕಿಕೊಂಡು 22 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಆ ಕಾರಿಗೂ ನಮ್ಮ ಕಾರಿನ ತೊಂದರೆಗೂ ಏನೂ ಸಂಬಂಧ ಇಲ್ಲ. ಆದರೆ ಆಮೇಲಿನಿಂದ ಯಾವ ಅಂಡರ್‌ಪಾಸಿಗೆ ಇಳಿದರೂ ಕಿಟಕಿ ತೆರೆಯುತ್ತಾ ಅಂತ ಒಂದು ಸಲ ನೋಡುತ್ತೇನೆ. ಕಿಟಕಿ, ಬಾಗಿಲು ಅಂದರೆ ಹೊರಗೆ ಬರುವ ದಾರಿ. ಅದನ್ನು ಮುಂದಿನ ತಿಂಗಳು ನೋಡೋಣ ಅಂತ ಬಿಡೋ ಹಾಗಿಲ್ಲ.

ಕಾರು ಅಪ್ಪ ನಿವೃತ್ತಿಯಾದ ವರ್ಷ, 2008ರಲ್ಲಿ ಕೊಂಡಿದ್ದು. ಹದಿನೈದು ವರ್ಷ ತುಂಬಿದಾಗ ರಿಜಿಸ್ಟ್ರೇಷನ್ ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡೆವು. ಇಂಜಿನ್ ಇವತ್ತಿಗೂ ಬಲೇ ನಯ. ಬಾಗಿಲಿನ ಕರೆಂಟ್ ಕೆಲಸಗಳು ಮಾತ್ರ ಒಂದೊಂದಾಗಿ ಕೈಕೊಡಲು ಶುರು ಮಾಡಿದ್ದವು. ಮೊದಲು ಡ್ರೈವರ್ ಕಡೆ ಕನ್ನಡಿ ತಿರುಗುವುದು ನಿಂತಿತು. ಆಮೇಲೆ ಗ್ಲಾಸ್‌ಗಳು, ಒಂದು ದಿನ ಸರಿ, ಒಂದು ದಿನ ಇಲ್ಲ. ಕೊನೆಗೆ ಈ ಲಾಕ್. ಲಾಕ್ ಹಾಕಿದರೆ ನಾಲ್ಕೂ ಬೀಳುತ್ತಿತ್ತು, ತೆಗೆದರೆ ನನ್ನದೊಂದೇ ಏಳುತ್ತಿತ್ತು.

ಗ್ಯಾರೇಜಿಗೆ ಒಯ್ದೆ. ಹುಡುಗ ಸ್ವಿಚ್ ಎರಡು ಸಲ ಒತ್ತಿ ನೋಡಿ, ಮೇನ್ ಸ್ವಿಚ್ ಹೋಗಿದೆ, ಎರಡು ಮೋಟರೂ ಹೋಗಿರಬೇಕು, ಲಾಕ್ ಮೋಟರ್ ಬದಲಾಯಿಸಬೇಕು, ಎಲ್ಲ ಸೇರಿ ಹನ್ನೊಂದೂವರೆ ಸಾವಿರ ಅಂದ. ಕರೆಂಟ್ ಅಳೆಯುವ ಮೀಟರ್ ಇಡಲಿಲ್ಲ, ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮುಚ್ಚಳ, ಬಿಚ್ಚಲಿಲ್ಲ. ನಾನು ಪಿಯು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಳೆದು ನೋಡದೆ ಹೇಳಿದ ಲೆಕ್ಕಕ್ಕೆ ದುಡ್ಡು ಕೊಡಲು ಮನಸ್ಸು ಒಪ್ಪಲಿಲ್ಲ. ಸ್ವಿಚ್ ಒಂದನ್ನೇ ತಂದು ನಾನೇ ಹಾಕೋಣ ಅಂತ ಶನಿವಾರ ಜೆ.ಸಿ. ರಸ್ತೆಗೆ ಹೋದೆ.

ಟೌನ್ ಹಾಲ್ ಕಡೆಯಿಂದ ಮಿನರ್ವ ಸರ್ಕಲ್ ತನಕ ಆ ರಸ್ತೆ ತುಂಬ ಗಾಡಿ ಸಾಮಾನು. ಒಂದು ಚಿಕ್ಕ ಅಂಗಡಿಯಲ್ಲಿ ಹಳೆ ಸ್ವಿಚ್ ತೋರಿಸಿ ಹೊಸದು ಕೊಡಿ ಅಂದೆ. ಕೌಂಟರಿನಲ್ಲಿದ್ದ ವಯಸ್ಸಾದವರು ಸ್ವಿಚ್ ತೆಗೆದುಕೊಳ್ಳದೆ, "ಏನಾಗಿದೆ ಮೇಡಂ ಗಾಡಿಗೆ?" ಅಂತ ಕೇಳಿದರು. ಕನ್ನಡಿ, ಗ್ಲಾಸ್, ಲಾಕ್ ಎಲ್ಲ ಹೇಳಿದೆ.

"ಬಾಗಿಲು ತೆಗೆದಾಗ ಗ್ಲಾಸ್ ಕೆಲಸ ಮಾಡತ್ತಾ?"

ಆ ಪ್ರಶ್ನೆಗೆ ನನ್ನ ಮೈ ಜುಂ ಅಂದಿತು. ಹೌದು, ಮಾಡುತ್ತಿತ್ತು. ಹದಿನೈದು ದಿನದ ಹಿಂದೆ ಮಾಲೊಂದರ ಬೇಸ್‌ಮೆಂಟಿನಲ್ಲಿ ಪಾರ್ಕಿಂಗ್ ಚೀಟಿ ತೆಗೆದುಕೊಳ್ಳಲು ಗ್ಲಾಸ್ ಇಳಿಯದೆ ಬಾಗಿಲು ತೆರೆದಿದ್ದೆ. ಅಭ್ಯಾಸಬಲದಿಂದ ಸ್ವಿಚ್ ಒತ್ತಿದ್ದೆ, ಗ್ಲಾಸ್ ಸರ್ರನೆ ಇಳಿದಿತ್ತು. ಮನೆಗೆ ಬಂದು ಬಾಗಿಲು ಮುಚ್ಚಿ ನೋಡಿದರೆ ಮತ್ತೆ ಇಲ್ಲ. ಅದನ್ನು ಅಲ್ಲಿಗೇ ಮರೆತಿದ್ದೆ.

"ಹಂಗಾದ್ರೆ ಸ್ವಿಚ್ ಬೇಡ. ಇಷ್ಟೂ ಒಟ್ಟಿಗೆ ಹೋಗಲ್ಲ ಮೇಡಂ. ಬಾಗಿಲು ಸಂದೀಲಿ ರಬ್ಬರ್ ಇರತ್ತಲ್ಲ, ಬೂಟು, ಅದನ್ನ ಎಳೆದು ವೈರ್ ನೋಡಿ ಮೊದ್ಲು" ಅಂದರು. ಕೈಗೆ ಬಂದ ವ್ಯಾಪಾರ ಬಿಟ್ಟು ಹೇಳಿದ ಮಾತು. ಅಲ್ಲಿಂದ ನಡೆದೇ ಎಸ್.ಪಿ. ರಸ್ತೆಗೆ ಹೋಗಿ ತೆಳು ಎಳೆಗಳ ಮೆತ್ತನೆ ವೈರ್, ಬಿಸಿ ಮಾಡಿದರೆ ಕುಗ್ಗಿ ಜೋಡಣೆ ಮೇಲೆ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್, ತಂತಿ ಬೆಸೆಯುವ ಸೋಲ್ಡರ್ ತಂದೆ. 420 ರೂಪಾಯಿ ಆಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ, ಹನುಮಂತನಗರದ ನಮ್ಮ ಮನೆ ಮುಂದೆ ಹೊಂಗೆ ಮರದ ನೆರಳಲ್ಲಿ ಶುರು ಮಾಡಿದೆ. ಅಪ್ಪ ಕುರ್ಚಿ ಹಾಕಿಕೊಂಡು ಕೂತರು.

ಡ್ರೈವರ್ ಬಾಗಿಲು ಪೂರ್ತಿ ತೆರೆದರೆ, ಕೀಲುಗಳ ನಡುವೆ ಹೆಬ್ಬೆರಳು ದಪ್ಪದ ಕಪ್ಪು ರಬ್ಬರ್ ಕೊಳವೆ ಕಾಣುತ್ತದೆ. ಅಕಾರ್ಡಿಯನ್ ಥರ ಮಡಿಕೆ ಮಡಿಕೆ. ಬಾಡಿಯಿಂದ ಬಾಗಿಲಿಗೆ ಹೋಗುವ ಅಷ್ಟೂ ವೈರ್ ಅದರೊಳಗೇ. ದಿನಕ್ಕೆ ಎಂಟು ಸಲ ಬಾಗಿಲು ತೆರೆದರೂ ಹದಿನಾರು ವರ್ಷಕ್ಕೆ 46 ಸಾವಿರ ದಾಟುತ್ತದೆ. ಅಷ್ಟೂ ಸಲ ಆ ವೈರ್‌ಗಳು ಒಂದೇ ಜಾಗದಲ್ಲಿ ಬಗ್ಗಿ ನೆಟ್ಟಗಾಗಿವೆ. ತಾಮ್ರದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಮುರಿಯುತ್ತದೆ, ಮಕ್ಕಳಿಗೂ ಗೊತ್ತು. ಎಲ್ಲ ಬಾಗಿಲಿಗಿಂತ ಡ್ರೈವರ್ ಬಾಗಿಲೇ ಜಾಸ್ತಿ ತೆರೆಯುತ್ತದೆ, ಜಾಸ್ತಿ ವೈರ್ ಇರುವುದೂ ಅದರಲ್ಲೇ.

ಬೂಟಿಗೆ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿದೆ. ಸ್ವಿಚ್ ಕಳಚಿ, ಅದಕ್ಕೆ ವೈರ್ ಸಿಕ್ಕಿಸುವ ಕಪ್ಲರಿನಲ್ಲಿ ಕರೆಂಟ್ ಬರುವ ಪಿನ್ನಿಗೂ ಅರ್ಥ್ ಪಿನ್ನಿಗೂ ಮಲ್ಟಿಮೀಟರ್ ಇಟ್ಟೆ. ಬಾಗಿಲು ಹತ್ತಿರ ಹತ್ತಿರ ಮುಚ್ಚಿಯೇ ಇತ್ತು. 12.3 ವೋಲ್ಟ್ ತೋರಿಸಿತು. ಇಲ್ಲಿಗೆ ನಿಲ್ಲಿಸಿದರೆ ವೈರ್ ಸರಿ ಇದೆ, ಸ್ವಿಚ್ಚೇ ಹಾಳು ಅಂತ ತೀರ್ಮಾನ ಮಾಡಬೇಕಾಗುತ್ತಿತ್ತು. ಆದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ತುಂಡಾದ ವೈರಿನ ತುದಿಗಳು ಸುಮ್ನೆ ತಾಗಿಕೊಂಡಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಗ್ಲಾಸ್ ಎತ್ತುವ ಮೋಟರಿಗೆ 5ರಿಂದ 10 ಆಂಪಿಯರ್ ಬೇಕು. ಹಾಗಾಗಿ ಅದೇ ಎರಡು ಪಿನ್ನಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಕೊಟ್ಟೆ. ಬಲ್ಬಿನ ತಂತಿ ಕೆಂಡದ ಥರ ಮಂಕಾಗಿ ಕೆಂಪಾಯಿತು, ಅಷ್ಟೇ. ಮೀಟರ್ ನೋಡಿದರೆ 12 ಇದ್ದದ್ದು 3ಕ್ಕೆ ಇಳಿದಿತ್ತು. ಈಗ ಬಲ್ಬಿನ ಅರ್ಥ್ ಕಡೆಯನ್ನು ಕಪ್ಲರಿನಿಂದ ತೆಗೆದು, ಉದ್ದ ವೈರಿನಲ್ಲಿ ಬಾಡಿಯ ಬೋಲ್ಟಿಗೆ ಕೊಟ್ಟೆ. ಪಳ್ಳನೆ ಉರಿಯಿತು. ಅಲ್ಲಿಗೆ ಗೊತ್ತಾಯಿತು, ಕರೆಂಟ್ ಬರುವ ದಾರಿ ಸರಿ ಇದೆ, ವಾಪಸ್ ಹೋಗುವ ಅರ್ಥ್ ದಾರಿ ಕೆಟ್ಟಿದೆ. ಹಳೆ ಕಾರಿನ ಕರೆಂಟ್ ಕೆಲಸಕ್ಕೆ ಮೀಟರಿಗಿಂತ ಮೊದಲು ಈ ಬಲ್ಬ್ ಇಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬ್ಯಾಟರಿಯ ಮೈನಸ್ ಕಳಚಿ, ಬೂಟಿನ ಎರಡೂ ತುದಿ ಬಿಡಿಸಿ ಹಿಂದಕ್ಕೆ ಸರಿಸಿದೆ. ಒಳಗೆ 17 ವೈರ್, ಹಳೆ ಬಟ್ಟೆ ಟೇಪಿನಲ್ಲಿ ಸುತ್ತಿದ್ದರು. ಟೇಪ್ ಮುಟ್ಟಿದರೆ ಅಂಟಂಟು. ಬಿಚ್ಚಿ ಒಂದೊಂದನ್ನೇ ಹಗುರವಾಗಿ ಎಳೆದು ನೋಡಿದೆ. ಸರಿ ಇರುವ ವೈರ್ ಬಿಗಿಯಾಗಿ ನಿಲ್ಲುತ್ತದೆ. ದಪ್ಪ ಕಪ್ಪು ವೈರ್ ಎಳೆದಾಗ ಮೇಲಿನ ಪ್ಲಾಸ್ಟಿಕ್ ಮಾತ್ರ ರಬ್ಬರಿನ ಹಾಗೆ ಹಿಗ್ಗಿತು. ಒಳಗೆ ತಾಮ್ರ ಇರಲಿಲ್ಲ. ಬ್ಲೇಡಿನಿಂದ ಸೀಳಿದರೆ ಎಳೆಗಳೆಲ್ಲ ಹಸಿರು ಕಟ್ಟಿ, ಮುಟ್ಟಿದ ಕೂಡಲೇ ಪುಡಿಯಾದವು. ಹೊರಗಿನಿಂದ ನೋಡಿದ್ದರೆ ಆ ವೈರಿಗೆ ಏನೂ ಆಗಿಲ್ಲ ಅಂತಲೇ ಹೇಳಬೇಕು. ಇನ್ನೊಂದು ತೆಳು ಹಳದಿಗೆಂಪು ವೈರ್ ಪೂರ್ತಿ ಎರಡು ತುಂಡು. ಕನ್ನಡಿಗೆ ಹೋಗುವ ಎರಡು ವೈರಿನ ಪ್ಲಾಸ್ಟಿಕ್ ಬಿರುಕು ಬಿಟ್ಟು, ಒಂದು ಆಗಲೇ ತುಂಡಾಗಿತ್ತು.

ಅಷ್ಟು ಹೊತ್ತಿಗೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು. ನಮ್ಮ ಕಾರಿನಲ್ಲಿ ಎಡಗಡೆ ಕಿಟಕಿಯ ಸ್ವಿಚ್ ಒತ್ತಿದರೂ ಕರೆಂಟ್ ವಾಪಸ್ ಹೋಗುವುದು ಡ್ರೈವರ್ ಬಾಗಿಲಿನ ಮೇನ್ ಸ್ವಿಚ್ ಮೂಲಕ. ಗ್ಲಾಸ್ ಏರುವುದು, ಇಳಿಯುವುದು ಅಂದರೆ ಮೋಟರಿನ ಎರಡು ವೈರಿನಲ್ಲಿ ಪ್ಲಸ್ ಮೈನಸ್ ಅದಲು ಬದಲಾಗುವುದು, ಬೇರೇನಲ್ಲ. ಒಂದು ಕಪ್ಪು ವೈರ್ ಹೋದರೆ ನಾಲ್ಕೂ ಗ್ಲಾಸ್ ಹೋಗುತ್ತದೆ. ಲಾಕಿನ ಕಥೆಯೂ ಹಾಗೇ. ಡ್ರೈವರ್ ಬಾಗಿಲಿನ ಲಾಕ್ ಮೋಟರಿಗೆ ಐದು ವೈರ್, ಉಳಿದ ಬಾಗಿಲುಗಳಿಗೆ ಎರಡೆರಡು. ಜಾಸ್ತಿ ಇರುವ ಮೂರು ವೈರ್ "ನಾನು ಲಾಕ್ ಆದೆ", "ನಾನು ತೆರೆದೆ" ಅಂತ ಕಂಟ್ರೋಲ್ ಡಬ್ಬಿಗೆ ಸುದ್ದಿ ಮುಟ್ಟಿಸುವುದಕ್ಕೆ. ತೆರೆದ ಸುದ್ದಿ ಒಯ್ಯುವ ವೈರ್ ತುಂಡಾಗಿತ್ತು. ಮಿಕ್ಕ ಮೂರು ಬಾಗಿಲಿಗೆ ಸುದ್ದಿಯೇ ಹೋಗುತ್ತಿರಲಿಲ್ಲ. ಅಪ್ಪ ಒಳಗೆ ಕೂತು ಬೆವರಿದ್ದು ಒಂದು ತೆಳು ತಂತಿಯ ದೆಸೆಯಿಂದ.

ಜೋಡಿಸುವಾಗ ಒಂದು ಎಚ್ಚರ ಬೇಕು. ತುಂಡಾದ ಜಾಗದಲ್ಲೇ ಸೋಲ್ಡರ್ ಹಾಕಬಾರದು. ಸೋಲ್ಡರ್ ಹಾಕಿದ ಕಡೆ ವೈರ್ ಕಡ್ಡಿಯ ಹಾಗೆ ಬಿರುಸಾಗುತ್ತದೆ, ಅದರ ಅಂಚಿನಲ್ಲಿ ಮತ್ತೆ ಮುರಿಯುತ್ತದೆ. ಬಗ್ಗುವ ಭಾಗವನ್ನು ಪೂರ್ತಿ ಕತ್ತರಿಸಿ ಹೊಸ ಮೆತ್ತನೆ ವೈರ್ ಹಾಕಿದೆ. ಒಂದು ಜೋಡಣೆ ಬಾಗಿಲಿನ ಒಳಗೆ, ಇನ್ನೊಂದು ಬಾಡಿಯ ಒಳಗೆ, ಬೂಟಿನಲ್ಲಿ ಒಂದೂ ಇಲ್ಲ. ಎಲ್ಲ ಜೋಡಣೆ ಒಂದೇ ಕಡೆ ಬಂದರೆ ಗಂಟು ದಪ್ಪವಾಗುತ್ತದೆ, ಅದಕ್ಕೆ ಹಿಂದೆ ಮುಂದೆ ಮಾಡಿ ಕತ್ತರಿಸಿದೆ. ಒಂದು ವೈರ್ ಮುಗಿಯುವ ತನಕ ಇನ್ನೊಂದನ್ನು ಕತ್ತರಿಸಲಿಲ್ಲ. ಸ್ಲೀವ್ ಮೊದಲೇ ತೂರಿಸಿಡಬೇಕು, ಆಮೇಲೆ ದಾರಿ ಇರುವುದಿಲ್ಲ. ಹೊಸ ಕಾರುಗಳಲ್ಲಿ ಹಳದಿ ಕವಚದ ವೈರ್ ಕಂಡರೆ ಮುಟ್ಟಬೇಡಿ, ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು.

ಮಧ್ಯೆ ಅಮ್ಮ ಉಪ್ಪಿಟ್ಟು ತಂದುಕೊಟ್ಟರು. ಹನ್ನೊಂದೂವರೆಗೆ ಬ್ಯಾಟರಿ ಜೋಡಿಸಿದೆ.

ನನ್ನ ಕಿಟಕಿ ಇಳಿಯಿತು, ಏರಿತು. ಬಾಗಿಲು ಮುಚ್ಚಿ, ತೆರೆದು, ಅರ್ಧ ತೆರೆದು ನೋಡಿದೆ, ಎಲ್ಲೂ ತಪ್ಪಲಿಲ್ಲ. ಲಾಕ್ ಎತ್ತಿದಾಗ ನಾಲ್ಕೂ ಬಾಗಿಲಿನಿಂದ ಒಟ್ಟಿಗೆ ಟಕ್ ಅಂತ ಶಬ್ದ ಬಂತು. ಎಷ್ಟೋ ತಿಂಗಳಾಗಿತ್ತು ಅದನ್ನು ಕೇಳಿ. ಅಪ್ಪ ಕುರ್ಚಿಯಿಂದ ಎದ್ದು ಬಂದು, "ಇನ್ನೊಂದು ಸಲ ಮಾಡು" ಅಂದರು.

ಎಲ್ಲರ ಕಾರಿನಲ್ಲೂ ಬೂಟೇ ಕಾರಣ ಅಂತ ನಾನು ಹೇಳುವುದಿಲ್ಲ. ಒಂದೇ ಕಿಟಕಿ ಕೆಟ್ಟಿದ್ದರೆ ಕತ್ತಲಲ್ಲಿ ಒಳಗಿನ ದೀಪ ಹಾಕಿಕೊಂಡು ಸ್ವಿಚ್ ಒತ್ತಿ ನೋಡಿ. ದೀಪ ಸ್ವಲ್ಪ ಮಂಕಾದರೆ ಮೋಟರಿಗೆ ಕರೆಂಟ್ ಹೋಗುತ್ತಿದೆ, ಮೋಟರೋ, ಗ್ಲಾಸನ್ನು ಏರಿಸಿ ಇಳಿಸುವ ರೆಗ್ಯುಲೇಟರೋ ಹಿಡಿದುಕೊಂಡಿದೆ. ಮಂಕಾಗದಿದ್ದರೆ ಮೋಟರಿನಲ್ಲಿ ಕರೆಂಟೇ ಹರಿಯುತ್ತಿಲ್ಲ, ಫ್ಯೂಸ್, ಸ್ವಿಚ್, ವೈರ್ ನೋಡಬೇಕು, ಮೋಟರ್ ಒಳಗೇ ಕಡಿದಿರಲೂಬಹುದು. ಮೋಟರ್ ತಿರುಗುವ ಸದ್ದು ಬಂದು ಗ್ಲಾಸ್ ಅಲುಗದಿದ್ದರೆ ರೆಗ್ಯುಲೇಟರಿನ ಕೇಬಲ್ಲೋ ಪ್ಲಾಸ್ಟಿಕ್ ತುಂಡೋ ಮುರಿದಿದೆ. ಮಕ್ಕಳು ಕಿಟಕಿ ಆಡದಂತೆ ಡ್ರೈವರ್ ಬಾಗಿಲಲ್ಲಿ ಒಂದು ಲಾಕ್ ಬಟನ್ ಇರುತ್ತದೆ, ಅದು ಒತ್ತಿಕೊಂಡಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. 20ರದ್ದು ಹಳದಿ, 30ರದ್ದು ಹಸಿರು. 20 ಇದ್ದ ಕಡೆ 30 ಹಾಕಿದರೆ ಫ್ಯೂಸ್ ಬದಲು ವೈರ್ ಸುಡುತ್ತದೆ.

ಡೋರ್ ಪ್ಯಾಡ್ ಬಿಚ್ಚಿದ್ದಾಗ ಇನ್ನೊಂದು ಕಂಡಿತು. ಬಾಗಿಲಿನ ತಳದಲ್ಲಿ ಮಳೆನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮದರಲ್ಲಿ ಎರಡು ತೂತು ಒಣಗಿದ ಹೊಂಗೆ ಹೂವಿನಿಂದ ಮುಚ್ಚಿಹೋಗಿದ್ದವು. ಒಳಗೆ ಎರಡು ಬೆರಳು ನೀರು. ತಾಮ್ರ ಹಸಿರು ಕಟ್ಟಿದ್ದಕ್ಕೆ ಆ ತೇವವೂ ಕಾರಣ ಇರಬೇಕು. ಹಿಂದೆ ಯಾರೋ ಸ್ಪೀಕರ್ ಹಾಕುವಾಗ ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಶೀಟ್ ಹರಿದು ಹಾಗೇ ಬಿಟ್ಟಿದ್ದರು. ಹೊಸ ಶೀಟ್ ಕತ್ತರಿಸಿ ಅಂಟಿಸಿದೆ, ತೂತುಗಳನ್ನು ಕಡ್ಡಿಯಿಂದ ಬಿಡಿಸಿದೆ. ಈಗ ಹೊಂಗೆ ಹೂ ಉದುರುವ ಕಾಲ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ನಾಲ್ಕೂ ಬಾಗಿಲಿನ ತಳ ನೋಡುತ್ತೇನೆ.

ಹಿಂದಿನ ಎಡಗಡೆ ಗ್ಲಾಸ್ ಮಾತ್ರ ಇನ್ನೂ ನಿಧಾನಕ್ಕೆ ಏರುತ್ತದೆ. ಅದು ವೈರ್ ಅಲ್ಲ, ಗ್ಲಾಸ್ ಜಾರುವ ರಬ್ಬರ್ ಗಟ್ಟಿಯಾಗಿದೆ. ಅದಕ್ಕೆ ಎಣ್ಣೆ, ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಇನ್ನೂ ಹಾಳಾಗುತ್ತದೆ. ಧೂಳು ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದಿದ್ದೇನೆ, ಸದ್ಯಕ್ಕೆ ಸಾಗುತ್ತಿದೆ. ಹೊಸ ರಬ್ಬರಿಗೆ ಜೆ.ಸಿ. ರಸ್ತೆಯ ಅದೇ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ. ಅಪ್ಪನ ಕಡೆಯ ಲಾಕ್ ಗುಬಟಿಗೆ ಎರಡು ಸುತ್ತು ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಟ್ಟೆ. ಈಗ ಅವರ ಬೆರಳಿಗೆ ಸಿಗುತ್ತದೆ.