ಮೇಡಂ ಅವರೂ ಮಾತನಾಡಿದರು

ಭಾನುವಾರದಿಂದ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. "ಮೇಡಂ, ಇದನ್ನ ಪರ್ಸನಲ್ ಆಗಿ ತಗೋಬೇಡಿ."

ಶಿವಮೊಗ್ಗದಲ್ಲಿ ನಾವು ಹದಿನೈದು ಜನ ಮೇಷ್ಟ್ರುಗಳು ತಿಂಗಳಿಗೊಮ್ಮೆ ಸೇರಿ ಓದುತ್ತೇವೆ, ಜಗಳವಾಡುತ್ತೇವೆ. ಹೆಂಗಸರು ಮೂವರು. ಮೊದಲು ಆರು ಜನ ಇದ್ದರು. ಉಳಿದವರು ಯಾಕೆ ಬಿಟ್ಟರು ಅಂದರೆ ನಮ್ಮ ಹಿರಿಯರದ್ದು ಒಂದೇ ಉತ್ತರ: "ಮನೆ ಕೆಲಸ ಇರತ್ತೆ ಪಾಪ." ನಾನೂ ಅದನ್ನೇ ನಂಬಿದ್ದೆ. ನಂಬಿದರೆ ಸುಲಭ.

ಈ ಸಲ ಶೂನ್ಯಸಂಪಾದನೆ, ಅಂದರೆ 12ನೇ ಶತಮಾನದ ಶರಣರ ವಚನಗಳನ್ನು ಸಂಭಾಷಣೆಯ ಹಾಗೆ ಜೋಡಿಸಿದ ಪುಸ್ತಕ. ಹೊರಗೆ ಬಿಡದ ಮಳೆ, ಒಳಗೆ ಮೆಣಸಿನಕಾಯಿ ಬೋಂಡಾ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ನಮ್ಮ ಶಿಕಾರಿಪುರ ತಾಲೂಕಿನವೇ. ಹಾಗಾಗಿ ಎಲ್ಲರಿಗೂ ಉಮೇದು ಸ್ವಲ್ಪ ಜಾಸ್ತಿ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಪರೀಕ್ಷೆ ಮಾಡುವ ಭಾಗ ಓದಿ ಮುಗಿಸಿದೆವು.

ಆ ಮೂವರಲ್ಲಿ ಒಬ್ಬರು ಮೇಡಂ ಹೇಳಿದರು: "ಸಿದ್ಧರಾಮನನ್ನೂ ಅಲ್ಲಮ ಪರೀಕ್ಷೆ ಮಾಡ್ತಾನೆ. ಅಲ್ಲಿ ಪ್ರಶ್ನೆ ಅವನು ಕಟ್ಟಿಸಿದ ಕೆರೆ, ಗುಡಿಯದ್ದು. ಅಕ್ಕನಿಗೆ ಮಾತ್ರ ಗಂಡ ಯಾರು, ಸೀರೆ ಬಿಟ್ಟವಳು ಕೂದಲಲ್ಲಿ ಮೈ ಯಾಕೆ ಮುಚ್ಚಿಕೊಂಡೆ ಅಂತ. ಇದನ್ನ ಜೋಡಿಸಿದ್ದು 15ನೇ ಶತಮಾನದಲ್ಲಿ. ಹಾಗಾದ್ರೆ ಈ ಪ್ರಶ್ನೆ ಅಲ್ಲಮನದೋ, 300 ವರ್ಷ ಆದ್ಮೇಲೆ ಜೋಡಿಸಿದವರದೋ..."

ಅಷ್ಟರಲ್ಲಿ ಹಿರಿಯರು ಬಾಯಿ ಹಾಕಿದರು. ಪರ್ಸನಲ್ ಆಗಿ ತಗೋಬೇಡಿ.

"ಪರ್ಸನಲ್ ಎಲ್ಲಿ ಬಂತು ಸರ್? ಪುಸ್ತಕದಲ್ಲಿ ಇರೋದು ಹೇಳ್ದೆ."

ಯಾರೋ ಬೋಂಡಾ ತಟ್ಟೆ ಮುಂದಕ್ಕೆ ತಳ್ಳಿದರು. ನಮ್ಮಲ್ಲಿ ಜಗಳ ಆರಿಸುವುದು ಹೀಗೇ. ಆ ಹಿರಿಯರು ಕೆಟ್ಟವರಲ್ಲ, ಕೇಳಿದರೆ ಮನೆಗೇ ಪುಸ್ತಕ ತಂದುಕೊಡುವವರು. ಆದರೆ ಹೆಂಗಸರ ದನಿ ಸ್ವಲ್ಪ ಏರಿದರೆ ಅವರಿಗೆ ಅರ್ಥ ಕೇಳಿಸುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ.

ಸಮಾಧಾನ ಮಾಡೋಣ ಅಂತ ನಾನು ಬಾಯಿಬಿಟ್ಟೆ. "ಅಂದ್ರೆ ಇಲ್ಲಿ ಜೋಡಿಸಿದವರ ಕೈ ಎಷ್ಟಿದೆ ಅಂತ ನೋಡಬೇಕು, ಅಲ್ವಾ?"

"ಇದು ಪಾಯಿಂಟ್ ನೋಡಿ!" ಅಂದರು ಅದೇ ಹಿರಿಯರು. ಆಮೇಲೆ ಅರ್ಧ ಗಂಟೆ ಅದೇ ಚರ್ಚೆ. ಮೇಡಂ ನನ್ನನ್ನೊಮ್ಮೆ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಎರಡು ಗಾಜು ಒರೆಸಲು ಅಷ್ಟು ಹೊತ್ತು ಬೇಕಿರಲಿಲ್ಲ.

ನಾಲ್ಕು ವರ್ಷದಿಂದ ನಡಾವಳಿ ಬರೆಯುವವನು ನಾನೇ. ರಾತ್ರಿ ಮನೆಯಲ್ಲಿ ಪುಸ್ತಕ ತೆರೆದೆ. ಆ ಪಾಯಿಂಟಿನ ಮುಂದೆ ನನ್ನ ಹೆಸರು ಬರೆದಿದ್ದೆ. ಕೆಳಗೆ, "ಮೇಡಂ ಅವರೂ ಮಾತನಾಡಿದರು." ಹಿಂದಿನ ಹಾಳೆ ತಿರುಗಿಸಿದೆ. ಅದರ ಹಿಂದಿನದ್ದೂ. ಗಂಡಸರಿಗೆಲ್ಲ ಹೆಸರು, ಹೇಳಿದ್ದರ ಸಾರಾಂಶ. ಇವರು ಬರೀ ಮಾತನಾಡಿದರು, ಭಾಗವಹಿಸಿದರು. ಏನು ಹೇಳಿದರು ಅನ್ನುವುದು ಎಲ್ಲೂ ಇಲ್ಲ. ಬಿಟ್ಟುಹೋದ ಆ ಮೂವರದ್ದೂ ಅಷ್ಟೇ. ಎಲ್ಲ ನನ್ನದೇ ಅಕ್ಷರ. ಅದೂ ದುಂಡಗೆ.

ವಚನದ ಕೊನೆಗೆ ಅಂಕಿತ ಯಾಕೆ ಅಂತ ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ, ಗುಹೇಶ್ವರ ಅಂದರೆ ಅಲ್ಲಮ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಗಂಡ ಮಾರಯ್ಯನ ಹೆಸರೂ ಸೇರಿದೆ, ಆದರೂ ವಚನ ಅವಳದೇ ಅಂತ ಗೊತ್ತಾಗುತ್ತದೆ. ಅಕ್ಕನಿಗೆ ಪ್ರಶ್ನೆ ಎಂಥದ್ದೇ ಹಾಕಲಿ, ಜೋಡಿಸಿದವರು ಅವಳ ಉತ್ತರವನ್ನು ಅವಳ ಅಂಕಿತದ ಸಮೇತ ಇಟ್ಟರು. ನಾನು ಅಷ್ಟೂ ಮಾಡಿರಲಿಲ್ಲ.

ನನ್ನ ಹೆಸರು ಹೊಡೆದುಹಾಕಿ, ಅವರ ಹೆಸರು ಹಾಕಿ, ಹೇಳಿದ್ದನ್ನು ನೆನಪಿದ್ದಷ್ಟು ಬರೆದೆ. ಫೋಟೋ ತೆಗೆದು ಕಳಿಸಿದೆ. ಕ್ಷಮೆ ಕೇಳುವ ಎರಡು ಸಾಲು ಟೈಪ್ ಮಾಡಿ ಅಳಿಸಿದೆ.

ಬೆಳಿಗ್ಗೆ ಉತ್ತರ ಬಂತು. "ಮೂರನೇ ಸಾಲು ನೋಡಿ ಸರ್. ಜೋಡಿಸಿದ್ದು 12ನೇ ಶತಮಾನ ಅಂತ ಬರೆದಿದ್ದೀರಿ. 15 ಮಾಡಿ."